ಬಾಟಲಿ ತೆರೆದ ಮೇಲೆ: ಶೆರಿ, ಪೋರ್ಟ್, ಮದೀರಾಗಳಲ್ಲಿ ಯಾವುದರ ರುಚಿ ಎಷ್ಟು ದಿನ ಉಳಿಯುತ್ತದೆ

ಹುದುಗುವಿಕೆಯ ನಡುವೆಯೋ ಅದು ಮುಗಿದ ಮೇಲೋ ದ್ರಾಕ್ಷಿಯಿಂದಲೇ ಬಟ್ಟಿ ಇಳಿಸಿದ ಮದ್ಯಸಾರವನ್ನು ಬೆರೆಸಿ ತಯಾರಿಸುವ, ಶೆರಿ, ಪೋರ್ಟ್, ಮದೀರಾಗಳಂಥ ಫೋರ್ಟಿಫೈಡ್ ವೈನ್‌ಗಳು ಬಿರಡೆ ತೆಗೆದ ಮೇಲೂ ಬಹುಕಾಲ ಬಾಳುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅರ್ಧ ಖಾಲಿಯಾದ ಶೆರಿಯ ಬಾಟಲಿ ವಿಸ್ಕಿಯ ಪಕ್ಕದಲ್ಲಿ ವರ್ಷಗಟ್ಟಲೆ ನಿಂತಿರುವುದು ಈ ನಂಬಿಕೆಯ ಬಲದಿಂದಲೇ. ಇದರಲ್ಲಿ ಸ್ವಲ್ಪ ನಿಜವೂ ಇದೆ. ವೈನನ್ನು ವಿನೆಗರ್ ಆಗಿಸುವ ಬ್ಯಾಕ್ಟೀರಿಯಾಗಳಿಗೆ ಮದ್ಯಸಾರ ಶೇ. 15–16ನ್ನು ದಾಟಿತೆಂದರೆ ಬದುಕುವುದು ಕಷ್ಟವಾಗುತ್ತದೆ, ಹಾಗಾಗಿ ಶೇ. 19 ಅಥವಾ 20ರ ಪೋರ್ಟ್ ಹುಳಿಯಾಗಿ ಹಾಳಾಗುವ ಸಾಧ್ಯತೆ ತೀರ ಕಡಿಮೆ. ಆದರೆ ಕೆಡದೆ ಉಳಿಯುವುದು ಬೇರೆ, ಸವಿಯುವಂತೆ ಉಳಿಯುವುದು ಬೇರೆ. ಆಮ್ಲಜನಕಕ್ಕೆ ಮದ್ಯಸಾರದ ಭಯವಿಲ್ಲ. ಅದು ಮೊದಲು ಹಣ್ಣಿನ ಘಮವನ್ನು ಅಳಿಸುತ್ತದೆ, ಬಣ್ಣವನ್ನು ಮಾಸಿಸುತ್ತದೆ, ಕೊನೆಗೆ ಸಿಹಿ ಮತ್ತು ಮದ್ಯಸಾರದ ಘಾಟು ಎರಡೇ ಉಳಿಯುವಂತೆ ಮಾಡುತ್ತದೆ.

ಬೇರೆ ಬೇರೆ ಬಗೆಯ ಬಾಟಲಿಗಳನ್ನು ಒಟ್ಟಿಗೆ ತೆರೆದು, ಫ್ರಿಜ್ಜಿನ ಒಂದೇ ಅಟ್ಟಣೆಯಲ್ಲಿಟ್ಟು, ಆಗಾಗ ಒಂದೇ ಆಕಾರದ ಸಣ್ಣ ಲೋಟಗಳಲ್ಲಿ ಅಕ್ಕಪಕ್ಕ ಬಡಿಸಿಕೊಂಡು ಕೆಲವು ತಿಂಗಳ ಕಾಲ ಅವುಗಳ ರುಚಿಯನ್ನು ಹೋಲಿಸುತ್ತಾ ಬಂದೆ. ಯಾವ ಲೋಟದಲ್ಲಿ ಯಾವುದಿದೆ ಎಂಬುದು ಮೊದಲೇ ತಿಳಿಯದಂತೆ ಬೇರೊಬ್ಬರಿಂದ ಸುರಿಸಿಕೊಂಡದ್ದೂ ಉಂಟು, ಏಕೆಂದರೆ ಹಳೆಯ ಬಾಟಲಿಯದೆಂದು ಗೊತ್ತಾದ ಕೂಡಲೇ ನಾಲಿಗೆ ದೋಷವನ್ನು ಹುಡುಕಲು ಶುರುಮಾಡುತ್ತದೆ. ಇಷ್ಟೆಲ್ಲದರಿಂದ ನನಗೆ ಮನದಟ್ಟಾದದ್ದು ಒಂದು ವಿಷಯ: ತೆರೆದ ವೈನಿನ ಆಯುಷ್ಯವನ್ನು ಅಳೆಯಬೇಕಾದರೆ ಲೇಬಲ್ಲಿನ ಮೇಲಿನ ಮದ್ಯಸಾರದ ಅಂಕಿಯನ್ನು ನೋಡಿ ಪ್ರಯೋಜನವಿಲ್ಲ, ಅದು ಬಾಟಲಿಗೆ ಬರುವ ಮೊದಲು ಗಾಳಿಯೊಡನೆ ಹೇಗೆ ಬಾಳಿತು ಎಂಬುದನ್ನು ವಿಚಾರಿಸಬೇಕು.

ಶೆರಿಯಲ್ಲಿ ಇದು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿದೆ, ಏಕೆಂದರೆ ಸ್ಪೇನಿನ ದಕ್ಷಿಣದಲ್ಲಿರುವ ಹೆರೆಸ್ ಪಟ್ಟಣದ ಸುತ್ತಮುತ್ತ ಬೆಳೆಯುವ ಪಲೋಮಿನೋ ಎಂಬ ಒಂದೇ ದ್ರಾಕ್ಷಿಯಿಂದ ಫಿನೋ ಮತ್ತು ಓಲೊರೊಸೊ ಎಂಬ ಶೆರಿಯ ಎರಡು ಬಗೆಗಳೂ ತಯಾರಾಗುತ್ತವೆ. ಫಿನೋ ಆಗಬೇಕಾದ ವೈನಿನ ಮದ್ಯಸಾರವನ್ನು ಸುಮಾರು ಶೇ. 15ಕ್ಕೆ ನಿಲ್ಲಿಸುತ್ತಾರೆ. ಆ ಮಟ್ಟದಲ್ಲಿ ವೈನಿನ ಮೇಲ್ಮೈಯಲ್ಲಿ ಫ್ಲೋರ್ ಎಂಬ ಯೀಸ್ಟಿನ ಬಿಳಿಯ ಪದರ ಬೆಳೆಯುತ್ತದೆ. ಪೀಪಾಯಿಯನ್ನು ಪೂರ್ತಿ ತುಂಬದೆ ಆರನೆಯ ಒಂದು ಭಾಗದಷ್ಟು ಖಾಲಿ ಬಿಟ್ಟಿದ್ದರೂ ಆ ಪದರವು ಆಮ್ಲಜನಕವನ್ನು ತಾನೇ ಹೀರಿಕೊಂಡು ಕೆಳಗಿನ ವೈನಿಗೆ ಗಾಳಿ ತಾಕದಂತೆ ಕಾಯುತ್ತದೆ. ಓಲೊರೊಸೊಗೆ ಮೀಸಲಾದ ವೈನಿಗೆ ಶೇ. 17ಕ್ಕಿಂತ ಹೆಚ್ಚು ಮದ್ಯಸಾರ ಬೀಳುವುದರಿಂದ ಫ್ಲೋರ್ ಅಲ್ಲಿ ಬದುಕುವುದಿಲ್ಲ. ಆ ವೈನ್ ವರ್ಷಾನುಗಟ್ಟಲೆ ಗಾಳಿಗೆ ಮೈಯೊಡ್ಡಿಕೊಂಡೇ ಮಾಗುತ್ತದೆ.

ಎರಡನ್ನೂ ತೆರೆದ ದಿನ ಫಿನೋ ನನ್ನ ಪಾಲಿಗೆ ಗೆಲ್ಲುತ್ತದೆ. ಹುಲ್ಲಿನ ಬಣ್ಣ, ಹಸಿ ಬಾದಾಮಿ ಮತ್ತು ಹುಳಿ ಸೇಬಿನ ವಾಸನೆ, ಉಬ್ಬಿದ ಹಿಟ್ಟಿನ ನಸುಗಂಧ, ನಾಲಿಗೆಯ ಎರಡೂ ಬದಿಗೆ ತಾಗುವ ಉಪ್ಪಿನ ಚುರುಕು. ಇಷ್ಟೊಂದು ಲವಲವಿಕೆ ಇನ್ನಾವ ಶೆರಿಯಲ್ಲೂ ಇಲ್ಲ. ಫ್ರಿಜ್ಜಿನಲ್ಲಿ ಎರಡು ಮೂರು ದಿನ ಈ ಗುಣ ಹಾಗೆಯೇ ನಿಲ್ಲುತ್ತದೆ. ಅನಂತರ ಮೊದಲು ಮಾಯವಾಗುವುದು ಆ ಉಪ್ಪಿನ ಚುರುಕು. ವಾರ ತುಂಬುವ ಹೊತ್ತಿಗೆ ಹುಳಿ ಸೇಬಿನ ವಾಸನೆ ಪೆಟ್ಟುಬಿದ್ದು ಮೆತ್ತಗಾದ ಸೇಬಿನ ವಾಸನೆಗೆ ತಿರುಗುತ್ತದೆ, ಬಣ್ಣ ಒಂದು ಛಾಯೆಯಷ್ಟು ಗಾಢವಾಗುತ್ತದೆ, ನುಂಗಿದ ಮೇಲೆ ಒಣಕಲು ಕಹಿಯೊಂದು ಗಂಟಲಿನಲ್ಲಿ ಉಳಿಯುತ್ತದೆ. ಕುಡಿಯಲು ಅಡ್ಡಿಯಿಲ್ಲವೆಂದು ಯಾರಾದರೂ ಹೇಳಬಹುದು. ಆದರೆ ಅದನ್ನು ಫಿನೋ ಆಗಿಸಿದ್ದ ಗುಣವೇ ಹೊರಟುಹೋಗಿರುತ್ತದೆ. ಸಮುದ್ರದಂಚಿನ ಸಾನ್‌ಲೂಕರ್ ಊರಿನಲ್ಲಿ ಮಾಗುವ, ಫಿನೋ ಬಗೆಯದೇ ಆದ ಮಾಂಥಾನಿಯಾ ಶೆರಿ ಇನ್ನೂ ಸೂಕ್ಷ್ಮ. ಅದನ್ನು ತೆರೆದರೆ ಮೂರು ನಾಲ್ಕು ದಿನಗಳಲ್ಲಿ ಮುಗಿಸುವುದೇ ಲೇಸು.

ಓಲೊರೊಸೊ ಇದಕ್ಕೆ ತದ್ವಿರುದ್ಧವಾಗಿ ವರ್ತಿಸುತ್ತದೆ. ಮೊದಲ ದಿನ ಅದು ಸ್ವಲ್ಪ ಬಿಗುವಾಗಿದ್ದು, ಕೆಲವು ದಿನಗಳ ನಂತರವೇ ಅಕ್ರೋಟು, ಹಳೆಯ ಮರ, ಕಂದಿಸಿದ ಸಕ್ಕರೆಯ ಘಮಗಳನ್ನು ಪೂರ್ಣವಾಗಿ ಬಿಟ್ಟುಕೊಡುತ್ತದೆ ಎಂದು ನನಗೆ ಪ್ರತಿ ಸಲವೂ ಅನ್ನಿಸಿದೆ. ನಾಲ್ಕರಿಂದ ಆರು ವಾರಗಳವರೆಗೆ ಅದನ್ನು ನಿಶ್ಚಿಂತೆಯಿಂದ ಇಡಬಹುದು. ಮೊದಲು ಫ್ಲೋರಿನ ಅಡಿಯಲ್ಲಿದ್ದು ನಂತರ ಗಾಳಿಗೆ ತೆರೆದುಕೊಂಡ ಅಮೊಂತಿಯಾದೊ, ತನ್ನ ಬಾಳಿನಂತೆ ತನ್ನ ಆಯುಷ್ಯದಲ್ಲೂ ಇವೆರಡರ ನಡುವೆಯೇ ನಿಲ್ಲುತ್ತದೆ. ಎರಡು ಮೂರು ವಾರಗಳಾದ ಮೇಲೆ ಅದರ ಮೇಲಿನ ಸೂಕ್ಷ್ಮ ಪದರ ಅಳಿದು, ಕೆಳಗಿನ ಅಕ್ರೋಟಿನ ರುಚಿ ಮಾತ್ರ ಉಳಿಯುತ್ತದೆ.

ಪೋರ್ಟಿನಲ್ಲೂ ಇದೇ ಭೇದ ಇನ್ನೊಂದು ರೂಪದಲ್ಲಿ ಕಾಣುತ್ತದೆ. ಪೋರ್ಚುಗಲ್ಲಿನ ಡೌರೊ ಕಣಿವೆಯ ದ್ರಾಕ್ಷಿರಸ ಹುದುಗುತ್ತಿರುವಾಗಲೇ ಶೇ. 77ರ ಮದ್ಯಸಾರವನ್ನು ಸುರಿದು ಹುದುಗುವಿಕೆಯನ್ನು ನಿಲ್ಲಿಸುವುದರಿಂದ ದ್ರಾಕ್ಷಿಯ ಸಿಹಿ ಅದರಲ್ಲಿಯೇ ಉಳಿಯುತ್ತದೆ. ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ರೂಬಿ ಪೋರ್ಟನ್ನು ದೊಡ್ಡ ತೊಟ್ಟಿಗಳಲ್ಲಿ ಗಾಳಿ ಹೆಚ್ಚು ಸೋಕದಂತೆ ಕೆಲವು ವರ್ಷ ಇಟ್ಟು ಹಣ್ಣಿನ ತಾಜಾತನ ಇರುವಾಗಲೇ ಬಾಟಲಿಗೆ ಇಳಿಸುತ್ತಾರೆ. ವಿಂಟೇಜ್ ಪೋರ್ಟ್ ಎರಡು ಮೂರು ವರ್ಷಕ್ಕೇ ಬಾಟಲಿ ಸೇರಿ, ಅನಂತರ ದಶಕಗಳ ಕಾಲ ಗಾಳಿಯ ಸಂಪರ್ಕವೇ ಇಲ್ಲದಂತೆ ಮಾಗುತ್ತದೆ. ಟಾನಿ ಪೋರ್ಟ್ ಮಾತ್ರ ಸುಮಾರು 550 ಲೀಟರಿನ ಪೀಪಾಯಿಗಳಲ್ಲಿ, ಮರದ ಸೂಕ್ಷ್ಮ ರಂಧ್ರಗಳ ಮೂಲಕ ಸದಾ ಉಸಿರಾಡುತ್ತಾ, ತನ್ನ ಕೆಂಪನ್ನು ಕಳೆದುಕೊಂಡು ಕಂದುಬಣ್ಣಕ್ಕೆ ತಿರುಗುತ್ತದೆ.

ಒಂದು ರೂಬಿ, ಒಂದು ಲೇಟ್ ಬಾಟಲ್ಡ್ ವಿಂಟೇಜ್ (ಒಂದೇ ವರ್ಷದ ಬೆಳೆಯಿಂದ ಮಾಡಿ, ವಿಂಟೇಜಿಗಿಂತ ತಡವಾಗಿ ಬಾಟಲಿಗೆ ತುಂಬುವ ಪೋರ್ಟ್), ಒಂದು ಹತ್ತು ವರ್ಷದ ಟಾನಿ ಈ ಮೂರನ್ನು ಜೊತೆಯಾಗಿಟ್ಟು ನೋಡಿದಾಗ ಮೊದಲು ಹಿಂದೆ ಬಿದ್ದದ್ದು ಲೇಟ್ ಬಾಟಲ್ಡ್. ಮೊದಲ ದಿನ ಮೂರರಲ್ಲಿ ಅದೇ ಶ್ರೀಮಂತವಾಗಿತ್ತು. ವಾರದೊಳಗೆ ಅದರ ಕಪ್ಪು ಹಣ್ಣುಗಳ ರುಚಿ ತಗ್ಗಿ ಒಗರು ಮೇಲೆದ್ದಿತು. ರೂಬಿ ಇನ್ನೂ ಕೆಲವು ದಿನ ಚೆರ್ರಿಯ ಘಮವನ್ನು ಹಿಡಿದಿಟ್ಟುಕೊಂಡು, ಎರಡು ವಾರ ಕಳೆಯುವಷ್ಟರಲ್ಲಿ ಬರಿಯ ಸಿಹಿಯಾಗಿ ಉಳಿಯಿತು. ಟಾನಿಯಲ್ಲಿ ಆ ಹೊತ್ತಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಒಣಹಣ್ಣು, ಸುಟ್ಟ ಬಾದಾಮಿ, ಕಿತ್ತಳೆಯ ಸಿಪ್ಪೆ ಎಲ್ಲವೂ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಒಂದು ತಿಂಗಳು ದಾಟಿದ ಮೇಲಷ್ಟೇ ಅವು ಮೆಲ್ಲಗೆ ಮಂಕಾಗತೊಡಗಿದವು.

ವಿಂಟೇಜ್ ಪೋರ್ಟಿನ ಬಗ್ಗೆ ಒಂದೇ ಅವಧಿಯನ್ನು ಹೇಳುವುದು ಸರಿಯಲ್ಲ. ಎಳೆಯ ವಿಂಟೇಜಿನಲ್ಲಿ ಒಗರು ಕೊಡುವ ಟ್ಯಾನಿನ್ ಮತ್ತು ಬಣ್ಣದ ಅಂಶಗಳು ದಟ್ಟವಾಗಿದ್ದು, ಅವೇ ಆಮ್ಲಜನಕವನ್ನು ಮೊದಲು ಹೀರಿಕೊಳ್ಳುವುದರಿಂದ, ಅದು ಎರಡನೆಯ ದಿನ ಮೊದಲ ದಿನಕ್ಕಿಂತ ಚೆನ್ನಾಗಿ ಕಾಣುವುದೂ ಇದೆ. ನಾಲ್ಕೈದು ದಿನ ಅದಕ್ಕೆ ಭಯವಿಲ್ಲ. ದಶಕಗಳನ್ನು ಕಂಡ ಹಳೆಯ ವಿಂಟೇಜಿನಲ್ಲಿ ಆ ರಕ್ಷಣೆ ಬಹುಪಾಲು ಗಸಿಯಾಗಿ ತಳ ಸೇರಿರುತ್ತದೆ. ಗಸಿಯನ್ನು ಬಿಟ್ಟು ತಿಳಿಯನ್ನು ಬಸಿದುಕೊಂಡ ಕ್ಷಣದಿಂದ ಅದರ ಗಡಿಯಾರ ಓಡತೊಡಗುತ್ತದೆ. ಅಂಥ ಬಾಟಲಿಯನ್ನು ಅದೇ ದಿನ, ಹೆಚ್ಚೆಂದರೆ ಮರುದಿನ, ಜೊತೆಗೂಡಿ ಮುಗಿಸುವ ಜನರಿದ್ದಾಗ ಮಾತ್ರ ತೆರೆಯಬೇಕು.

ತಯಾರಕರು ಬಾಟಲಿಯ ಮೇಲೆಯೇ ಒಂದು ಸುಳಿವು ಕೊಟ್ಟಿರುತ್ತಾರೆ. ಕಾರ್ಕ್‌ಸ್ಕ್ರೂ ಎಂಬ ತಿರುಪಿನ ಉಪಕರಣದಿಂದಲೇ ಕೀಳಬೇಕಾದ ಉದ್ದನೆಯ ಬಿರಡೆ ಇದ್ದರೆ ಆ ಪೋರ್ಟ್ ಬಾಟಲಿಯೊಳಗೆ ಮಾಗಲು ಹೊರಟದ್ದು, ತೆರೆದ ಮೇಲೆ ಅವಸರ ಬೇಕು. ಕೈಯಿಂದ ತಿರುಗಿಸಿ ತೆಗೆದು ಮತ್ತೆ ಒತ್ತಿಡುವಂಥ, ಪ್ಲಾಸ್ಟಿಕ್ ತಲೆಯ ಬಿರಡೆ ಇದ್ದರೆ ಅದನ್ನು ಸ್ವಲ್ಪಸ್ವಲ್ಪವಾಗಿ ಕುಡಿಯಲೆಂದೇ ತುಂಬಿದ್ದಾರೆ. 10, 20, 30 ಎಂದು ವಯಸ್ಸು ನಮೂದಿಸಿದ ಟಾನಿಯ ಹಿಂಬದಿಯ ಲೇಬಲ್ಲಿನಲ್ಲಿ ಬಾಟಲಿ ತುಂಬಿದ ವರ್ಷವೂ ಇರುತ್ತದೆ. ಟಾನಿ ಬಾಟಲಿಯೊಳಗೆ ಉತ್ತಮಗೊಳ್ಳುವುದಿಲ್ಲವಾದ್ದರಿಂದ ಆ ವರ್ಷ ಹತ್ತಿರದ್ದಾಗಿದ್ದಷ್ಟೂ ತೆರೆದ ಮೇಲೆ ಹೆಚ್ಚು ದಿನ ಬಾಳುತ್ತದೆ ಎಂಬುದು ನನ್ನ ಅನುಭವ.

ಮದೀರಾ ಈ ಹೋಲಿಕೆಯಲ್ಲಿ ಬೇರೆಯದೇ ವರ್ಗ. ಅಟ್ಲಾಂಟಿಕ್‌ನ ಮದೀರಾ ದ್ವೀಪದಿಂದ ಹೊರಟ ಪೀಪಾಯಿಗಳು ಉಷ್ಣವಲಯವನ್ನು ಹಾದು ಹೋಗಿ ಮರಳಿದಾಗ ವೈನ್ ಹಾಳಾಗುವ ಬದಲು ಸೊಗಸಾದದ್ದನ್ನು ಕಂಡ ವ್ಯಾಪಾರಿಗಳು, ಮುಂದೆ ಬೇಕೆಂದೇ ಅದನ್ನು ಹಡಗಿನಲ್ಲಿ ಸುತ್ತಾಡಿಸುತ್ತಿದ್ದರು. ಈಗ ಸಾಧಾರಣ ಮದೀರಾವನ್ನು ತೊಟ್ಟಿಗಳಲ್ಲಿ ಕನಿಷ್ಠ 3 ತಿಂಗಳು 45–50 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿನಲ್ಲಿ ಕಾಯಿಸುತ್ತಾರೆ. ಉತ್ತಮ ದರ್ಜೆಯದನ್ನು ಬಿಸಿಲು ಕಾಯುವ ಮಾಳಿಗೆಗಳಲ್ಲಿ ಪೀಪಾಯಿಯೊಳಗೆ ವರ್ಷಗಟ್ಟಲೆ ಇಡುತ್ತಾರೆ. ಶಾಖ ಮತ್ತು ಗಾಳಿ ಮಾಡಬಹುದಾದದ್ದೆಲ್ಲವೂ ಆಗಲೇ ಮುಗಿದಿರುತ್ತದೆ. ಜೊತೆಗೆ ಅಲ್ಲಿಯ ದ್ರಾಕ್ಷಿಯ ಆಮ್ಲ ಎಷ್ಟು ತೀಕ್ಷ್ಣವೆಂದರೆ ಮಾಮ್ಸಿ (Malmsey) ಎಂಬ ಸಿಹಿಯಾದ ಮದೀರಾ ಬಗೆಯೂ ಬಾಯಿಗೆ ಭಾರವೆನಿಸುವುದಿಲ್ಲ. ತೆರೆದು ಕೆಲವು ತಿಂಗಳಾದ, ವೆರ್ದೆಲ್ಯೊ ಎಂಬ ಬಗೆಯ ಮದೀರಾ ಒಂದನ್ನು ಅದೇ ತಯಾರಕರ ಹೊಸ ಬಾಟಲಿಯೊಡನೆ ಕುರುಡಾಗಿ ಹೋಲಿಸಿದಾಗ ಎರಡರಲ್ಲಿ ಹಳೆಯದು ಯಾವುದೆಂದು ನನಗೂ ಜೊತೆಗಿದ್ದವರಿಗೂ ಖಚಿತವಾಗಿ ಹೇಳಲಾಗಲಿಲ್ಲ. ಅದನ್ನು ಫ್ರಿಜ್ಜಿನಲ್ಲಿಡುವ ಅಗತ್ಯವೂ ಇಲ್ಲ. ನೆಟ್ಟಗೆ ನಿಲ್ಲಿಸಿದರೆ ಸಾಕು, ಏಕೆಂದರೆ ಮಲಗಿಸಿಟ್ಟರೆ ಅದರ ಆಮ್ಲ ಬಿರಡೆಯನ್ನು ತಿನ್ನುತ್ತದೆ. ದಿನಕ್ಕೊಂದು ಸಣ್ಣ ಲೋಟವನ್ನಷ್ಟೇ, ಅದೂ ಪ್ರತಿದಿನವಲ್ಲದೆ, ಕುಡಿಯುವವರು ಯಾವುದನ್ನು ಕೊಳ್ಳಬೇಕೆಂದು ಕೇಳಿದರೆ ನಾನು ಹಿಂಜರಿಯದೆ ಮದೀರಾ ಎನ್ನುತ್ತೇನೆ.

ಬಾಳಿಕೆಗೆ ಕಾರಣ ಸಿಹಿಯೇ ಇರಬಹುದಲ್ಲವೇ ಎಂಬ ಸಂಶಯ ಇಲ್ಲಿ ಏಳುತ್ತದೆ. ಅದನ್ನು ಪರೀಕ್ಷಿಸಲು ಮಸ್ಕಟ್ ದ್ರಾಕ್ಷಿಯ ಎರಡು ವೈನ್‌ಗಳು ಒಳ್ಳೆಯ ಜೋಡಿ. ಫ್ರಾನ್ಸಿನ ಬೋಮ್ ದ ವನೀಸ್‌ನ ಮಸ್ಕಟ್ ಮತ್ತು ಆಸ್ಟ್ರೇಲಿಯಾದ ರದರ್‌ಗ್ಲೆನ್ ಮಸ್ಕಟ್ ಎರಡೂ ಗಾಢ ಸಿಹಿಯವು. ಮೊದಲನೆಯದನ್ನು ಗಾಳಿಯಿಂದ ಕಾಪಾಡಿ ಎಳೆಯದಾಗಿರುವಾಗಲೇ ಬಾಟಲಿಗೆ ತುಂಬುತ್ತಾರೆ. ಅದರ ಗುಲಾಬಿ ಮತ್ತು ತಾಜಾ ದ್ರಾಕ್ಷಿಯ ಪರಿಮಳ ಒಂದು ವಾರದಲ್ಲಿ ಬಹುಪಾಲು ಹಾರಿಹೋಗುತ್ತದೆ. ಎರಡನೆಯದು ಬಿಸಿ ಹವೆಯಲ್ಲಿ ಹಳೆಯ ಪೀಪಾಯಿಗಳೊಳಗೆ ಮಾಗಿ ಒಣದ್ರಾಕ್ಷಿಯ ಪಾಕದಂತಾದದ್ದು. ಎರಡು ತಿಂಗಳಾದರೂ ಅದು ಅಲುಗುವುದಿಲ್ಲ. ಪೆದ್ರೊ ಹಿಮೆನೆಸ್ ಎಂಬ ಗಾಢ ಸಿಹಿಯ ಶೆರಿಯೂ ಹೀಗೆಯೇ. ಸಿಹಿ ಮಂಕುತನವನ್ನು ಸ್ವಲ್ಪ ಮರೆಮಾಡುತ್ತದೆಯೇ ಹೊರತು ಅದನ್ನು ತಡೆಯುವುದಿಲ್ಲ.

ಇನ್ನು ಸಂಗ್ರಹಿಸುವ ಕ್ರಮಗಳ ಹೋಲಿಕೆ. ಇದಕ್ಕೆ ಬೇಗ ಮಾಸುವ ರೂಬಿಯನ್ನೇ ಆರಿಸಿಕೊಂಡೆ. ಅರ್ಧವಾದ 750 ಮಿಲಿಲೀಟರ್ ಬಾಟಲಿಯೊಳಗಿನ ಗಾಳಿಯಲ್ಲಿ ಸುಮಾರು 100 ಮಿಲಿಗ್ರಾಂ ಆಮ್ಲಜನಕವಿರುತ್ತದೆ, ಪ್ರತಿ ಸಲ ಬಿರಡೆ ತೆಗೆದಾಗಲೂ ಅದು ಹೊಸದಾಗಿ ತುಂಬಿಕೊಳ್ಳುತ್ತದೆ. ಆದ್ದರಿಂದ ಬರಿಯ ಬಿರಡೆಯನ್ನು ಬಿಗಿಯಾಗಿ ಒತ್ತುವುದರಿಂದ ವೈನಿಗೆ ದೊಡ್ಡ ರಕ್ಷಣೆ ಸಿಗದು. ಕೋಣೆಯಲ್ಲಿಟ್ಟದ್ದಕ್ಕೂ ಫ್ರಿಜ್ಜಿನಲ್ಲಿಟ್ಟದ್ದಕ್ಕೂ ಇದ್ದ ಅಂತರವೇ ಎಲ್ಲಕ್ಕಿಂತ ದೊಡ್ಡದು: ಫ್ರಿಜ್ಜಿನದು ಹೆಚ್ಚುಕಡಿಮೆ ಎರಡರಷ್ಟು ಕಾಲ ತಾಳಿತು. ತಂಪಾದ ವೈನಿನಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆಯಾದರೂ ಅದರ ಕೆಲಸ ನಿಧಾನವಾಗುವುದೇ ಇಲ್ಲಿ ಮುಖ್ಯ. ಗಾಳಿಯನ್ನು ಹೊರಗೆಳೆಯುವ ಕೈಪಂಪು ನನ್ನನ್ನು ಒಪ್ಪಿಸಲಿಲ್ಲ. ಅದು ಗಾಳಿಯನ್ನು ಪೂರ್ತಿ ತೆಗೆಯಲಾರದು, ಎಳೆದಷ್ಟೂ ಘಮವೂ ಜೊತೆಗೆ ಹೊರಬರುತ್ತದೆ. ಆರ್ಗಾನ್ ಅನಿಲವನ್ನು ಊದಿ ಮುಚ್ಚಿದ್ದು ಚೆನ್ನಾಗಿ ಉಳಿಯಿತು, ಆದರೆ ಪ್ರತಿ ಲೋಟದ ನಂತರವೂ ಮರೆಯದೆ ಊದಬೇಕು. ಎಲ್ಲವನ್ನೂ ಮೀರಿಸಿದ್ದು ಅತ್ಯಂತ ಸರಳವಾದ ಉಪಾಯ: ದೊಡ್ಡ ಬಾಟಲಿಯನ್ನು ತೆರೆದ ಕೂಡಲೇ ಅದರ ಅರ್ಧವನ್ನು ಚೊಕ್ಕಟವಾದ 375 ಮಿಲಿಲೀಟರ್ ಬಾಟಲಿಗೆ ಕಂಠದ ತುದಿಯವರೆಗೆ ತುಂಬಿ, ತಿರುಪು ಮುಚ್ಚಳ ಹಾಕಿ, ಫ್ರಿಜ್ಜಿನಲ್ಲಿಡುವುದು. ಫಿನೋಗೂ ಇದರಿಂದ ಒಂದು ವಾರದ ಆಯುಷ್ಯ ಹೆಚ್ಚುವರಿಯಾಗಿ ಸಿಕ್ಕಿತು. ಹೀಗಿಟ್ಟ ಪೋರ್ಟನ್ನು ಕುಡಿಯುವ ಮುನ್ನ ಕಾಲು ಗಂಟೆಯಾದರೂ ಹೊರಗಿಡಬೇಕು, ತಣ್ಣಗಿರುವಾಗ ಒಗರು ಮಾತ್ರ ಎದ್ದು ಕಾಣುತ್ತದೆ.

ಕಾಕ್ಟೇಲಿಗೆಂದು ತಂದ ವರ್ಮೂತನ್ನು ಈ ಸಾಲಿಗೆ ಸೇರಿಸಲು ಹಲವರು ಮರೆಯುತ್ತಾರೆ. ಗಿಡಮೂಲಿಕೆಗಳನ್ನು ನೆನೆಸಿ, ಮದ್ಯಸಾರ ಸೇರಿಸಿದ್ದರೂ ಅದು ಮೂಲತಃ ವೈನೇ, ಸಾಮಾನ್ಯವಾಗಿ ಶೇ. 16–18ರದ್ದು. ಒಣ ವರ್ಮೂತ್ ಫ್ರಿಜ್ಜಿನಲ್ಲಿ ಒಂದು ತಿಂಗಳು, ಸಿಹಿಯಾದ ಕೆಂಪು ವರ್ಮೂತ್ ಎರಡು ತಿಂಗಳು ಚೆನ್ನಾಗಿರುತ್ತವೆ. ಕೋಣೆಯಲ್ಲಿ ಬಹುಕಾಲ ನಿಂತ ಒಣ ವರ್ಮೂತಿನಲ್ಲಿ ಮೂಲಿಕೆಗಳ ಕಹಿ ಮಾತ್ರ ಉಳಿದು ಹೂವಿನ ನಯ ಹೋಗಿರುತ್ತದೆ. ಅಂಥದ್ದನ್ನು ಬೆರೆಸಿದ ಮಾರ್ಟಿನಿ ರುಚಿಸದಿದ್ದಾಗ ದೋಷವನ್ನು ಜಿನ್ನಿನ ಮೇಲೆ ಹೊರಿಸುವ ಮೊದಲು ವರ್ಮೂತನ್ನೇ ಒಂದು ಗುಟುಕು ಬೇರೆಯಾಗಿ ಕುಡಿದು ನೋಡುವುದು ಒಳ್ಳೆಯದು.