ಸುಳ್ಳು ಅನುಭವ ಪತ್ರ ಹಿಡಿದು ಸಂದರ್ಶನಕ್ಕೆ ಹೋಗಬೇಡಿ

ಕೋಲಾರದ ಸುತ್ತಮುತ್ತ ಐಟಿಐ, ಡಿಪ್ಲೊಮಾ ಮುಗಿಸಿ ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳಲ್ಲಿ ಕೆಲಸ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಕಳೆದ ವರ್ಷ ನನಗಾದದ್ದು ಇನ್ನೊಬ್ಬರಿಗೆ ಆಗಬಾರದು.

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿದು ಒಂದೂವರೆ ವರ್ಷವಾದರೂ ಕೆಲಸ ಸಿಗದೆ, ನೆಂಟರ ಮನೆಯ ಸಮಾರಂಭಗಳಿಗೆ ಹೋಗುವುದನ್ನೂ ಬಿಟ್ಟಿದ್ದ ದಿನಗಳಲ್ಲಿ, ಪರಿಚಿತರೊಬ್ಬರ ಮಾತು ಕೇಳಿ ಒಂದು ಕನ್ಸಲ್ಟೆನ್ಸಿಗೆ ಹೋದೆ. ಸಂದರ್ಶನದ ತರಬೇತಿ ಕೊಟ್ಟು ಕಂಪನಿಗೆ ಕಳುಹಿಸುವುದಾಗಿ ಹೇಳಿ 8,000 ರೂಪಾಯಿ ಕಟ್ಟಿಸಿಕೊಂಡರು, ರಸೀದಿ ಕೊಡಲಿಲ್ಲ. ಬಾಕಿ ಹಣಕ್ಕೆ ಭದ್ರತೆಯೆಂದು ಎಸ್‌ಎಸ್‌ಎಲ್‌ಸಿ ಮತ್ತು ಡಿಪ್ಲೊಮಾದ ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಂಡರು. ಆಗಲೇ ಎದ್ದು ಬರಬೇಕಿತ್ತು. ತರಬೇತಿಯೆಂದರೆ ನಾಲ್ಕು ದಿನ ಇಂಗ್ಲಿಷಿನ ಹತ್ತು ಉತ್ತರಗಳ ಬಾಯಿಪಾಠ, ಅಷ್ಟೆ. ಐದನೆಯ ದಿನ ಕೈಗೆ ಬಂದ ರೆಸ್ಯೂಮಿನಲ್ಲಿ, ನಾನು ಕಣ್ಣಾರೆ ಕಂಡಿರದ ಕಾರ್ಖಾನೆಯೊಂದರಲ್ಲಿ ಒಂದು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆನೆಂದು ಬರೆದಿತ್ತು. ಜೊತೆಗೆ ಮೊಹರು ಹಾಕಿದ ಅನುಭವ ಪತ್ರವೂ ಇತ್ತು. ‘ಎಲ್ಲರೂ ಹೀಗೇ ಮಾಡೋದು’ ಎಂದರು. ತಪ್ಪೆಂದು ಗೊತ್ತಿದ್ದೂ ನಾನು ಒಪ್ಪಿಕೊಂಡೆ.

ನರಸಾಪುರದ ಕಾರ್ಖಾನೆಯೊಂದರಲ್ಲಿ ಸಂದರ್ಶನ ನಡೆಸಿದ ಹಿರಿಯರು ಬಾಯಿಪಾಠದ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮೇಜಿನ ಖಾನೆಯಿಂದ ವ್ಯಾಸ, ದಪ್ಪ ಅಳೆಯುವ ಉಪಕರಣವಾದ ವರ್ನಿಯರ್ ಕ್ಯಾಲಿಪರ್, ಒಂದು ಉಕ್ಕಿನ ಪಿನ್ ತೆಗೆದು ಮುಂದಿಟ್ಟು, ವ್ಯಾಸ ಅಳೆಯಲು ಕನ್ನಡದಲ್ಲೇ ಹೇಳಿದರು. ಪಿನ್ನನ್ನು ಹಿಡಿದು, 0.02 ಮಿ.ಮೀ. ಲೀಸ್ಟ್ ಕೌಂಟಿನ (ಅದು ಓದಬಲ್ಲ ಅತಿ ಚಿಕ್ಕ ಅಳತೆಯ) ಲೆಕ್ಕ ಹಾಕಿ, 24.36 ಮಿ.ಮೀ. ಎಂದೆ. ‘ಓದಿದ್ದು ಸರಿ. ಆದರೆ ಒಂದು ವರ್ಷ ಇದೇ ಕೆಲಸ ಮಾಡಿದವರು ಮೊದಲು ಜಾ (ಹಿಡಿಯುವ ದವಡೆ) ಮುಚ್ಚಿ ಝೀರೋ ನೋಡ್ತಾರೆ. ಇದರಲ್ಲಿ ಝೀರೋ ಎರರ್ ಇದೆ, ಮುಚ್ಚಿದಾಗಲೂ ಸೊನ್ನೆ ತೋರಿಸಲ್ಲ’ ಎಂದು ಹೇಳಿ, ನನ್ನ ಯುಎಎನ್ (ಪಿಎಫ್ ಸದಸ್ಯರ ಗುರುತು ಸಂಖ್ಯೆ) ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಇದನ್ನು ಎಲ್ಲರೂ ತಿಳಿದಿರಬೇಕು. 20 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆ ಭವಿಷ್ಯನಿಧಿಯ (ಪಿಎಫ್) ವ್ಯಾಪ್ತಿಗೆ ಬರುತ್ತದೆ. 2014ರಿಂದ ಪ್ರತಿ ಪಿಎಫ್ ಸದಸ್ಯನಿಗೂ 12 ಅಂಕಿಗಳ ಒಂದೇ ಯುಎಎನ್ ಇರುತ್ತದೆ. ಎಲ್ಲಿ, ಯಾವಾಗಿನಿಂದ ಯಾವಾಗಿನವರೆಗೆ ಕೆಲಸ ಮಾಡಿದಿರಿ ಎಂಬುದು ಅದರ ಸೇವಾ ವಿವರದಲ್ಲಿ ಕಾಣುತ್ತದೆ. ಮೊಹರು ಹಾಕಿದ ಕಾಗದ ಅದರ ಮುಂದೆ ನಿಲ್ಲುವುದಿಲ್ಲ.

ಅವರು ಬೈಯಲಿಲ್ಲ. ‘ಫ್ರೆಷರ್ ಅಂತ ಬಂದಿದ್ರೆ ಟ್ರೈನಿಯಾಗಿ ತಗೊಳ್ತಿದ್ವಲ್ಲಪ್ಪಾ, ಅಳತೆ ಓದೋಕೆ ಬರುತ್ತೆ ನಿನಗೆ’ ಎಂದು ಫೈಲನ್ನು ಹಿಂದಕ್ಕೆ ಕೊಟ್ಟರು. ನರಸಾಪುರದಿಂದ ಕೋಲಾರಕ್ಕೆ ಬಸ್ಸಿನಲ್ಲಿ ಬರುವಾಗ ಆ ಮಾತೊಂದೇ ಕಿವಿಯಲ್ಲಿತ್ತು. ಇಂದಿಗೂ ನನ್ನನ್ನು ನೋಯಿಸುವುದು ಕಳೆದುಕೊಂಡ ಹಣವಲ್ಲ, ಆ ಮಾತು.

ಮುಂದಿನ ಸಂದರ್ಶನಕ್ಕೆ ನನ್ನದೇ ರೆಸ್ಯೂಮ್ ಬರೆದುಕೊಂಡು ಹೋದೆ. ಅಂತಿಮ ವರ್ಷದ ಪ್ರಾಜೆಕ್ಟಿನಲ್ಲಿ ನಾನು ಮಾಡಿದ್ದೆಷ್ಟು, ಗೆಳೆಯರು ಮಾಡಿದ್ದೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ಹೇಳಿದೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೆ, ಇಂಗ್ಲಿಷ್ ತಡವರಿಸಿದಾಗ ಕನ್ನಡದಲ್ಲಿ ಹೇಳಬಹುದೇ ಎಂದು ಕೇಳಿ ಮುಂದುವರಿಸಿದೆ, ಯಾರೂ ಬೇಸರಿಸಲಿಲ್ಲ. ಈಗ ಅಲ್ಲೇ ಅಪ್ರೆಂಟಿಸ್ ಆಗಿದ್ದೇನೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಡಿಪ್ಲೊಮಾ ಮುಗಿಸಿದವರಿಗೆ ಸ್ಟೈಪೆಂಡ್ ಸಹಿತ ತರಬೇತಿ ಸಿಗುತ್ತದೆ, ಕೊನೆಯಲ್ಲಿ ಪ್ರಮಾಣಪತ್ರವೂ ಬರುತ್ತದೆ. ನಿಜವಾದ ಅನುಭವ ಬೇಕೆಂದರೆ ಇದು ನೇರ ದಾರಿ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಾಗಲಿ, ಕೇಂದ್ರದ ರಾಷ್ಟ್ರೀಯ ವೃತ್ತಿ ಸೇವೆಯಲ್ಲಾಗಲಿ ನೋಂದಣಿಗೆ ಹಣ ಕೊಡಬೇಕಾಗಿಲ್ಲ.

ಮೂಲ ಅಂಕಪಟ್ಟಿಗಳನ್ನು ಈಗಾಗಲೇ ಯಾರ ಕೈಗಾದರೂ ಕೊಟ್ಟಿದ್ದರೆ ನಾಚಿಕೆಯಿಂದ ಸುಮ್ಮನಿರಬೇಡಿ. ನಾನು ಎರಡು ತಿಂಗಳು ಮನೆಯಲ್ಲಿ ಮುಚ್ಚಿಟ್ಟೆ. ಕೊನೆಗೆ ಮಾವನಿಗೆ ಹೇಳಿದಾಗ ಅವರು ನನ್ನ ಜೊತೆ ಬಂದು, ಪೊಲೀಸ್ ಠಾಣೆಗೆ ಕೊಡಲು ಬರೆದಿದ್ದ ದೂರನ್ನು ಕನ್ಸಲ್ಟೆನ್ಸಿಯವರ ಮೇಜಿನ ಮೇಲಿಟ್ಟರು. ಅರ್ಧ ಗಂಟೆಯೊಳಗೆ ಎರಡೂ ಅಂಕಪಟ್ಟಿಗಳು ಕೈಗೆ ಬಂದವು. ರಸೀದಿ ಇಲ್ಲದ ಆ 8,000 ರೂಪಾಯಿ ಮಾತ್ರ ಇಂದಿಗೂ ಬಂದಿಲ್ಲ.