ಕಲಬುರಗಿಯ ಗೆಳೆಯರನ್ನು ಕಾಣಲು: ಎಳ್ಳಮಾವಾಸ್ಯೆಯೋ, ಶರಣಬಸವೇಶ್ವರ ಜಾತ್ರೆಯೋ?

ಒಂದು ಕಾಲಕ್ಕೆ ನಿಮ್ಮದೇ ಊರಾಗಿದ್ದ ಕಲಬುರಗಿಗೆ ಈ ಎರಡರಲ್ಲಿ ಯಾವಾಗ ಹೋಗಬೇಕೆಂಬುದು, ಯಾರನ್ನು, ಎಷ್ಟು ಹೊತ್ತು ಕಾಣಬೇಕೆಂಬುದರ ಮೇಲೆ ನಿಂತಿದೆ.

ಡಿಸೆಂಬರ್–ಜನವರಿಯ ಎಳ್ಳಮಾವಾಸ್ಯೆಯಂದು ಊರಿನ ಬಹುಪಾಲು ಜನ ಹೊಲಗಳಲ್ಲಿರುತ್ತಾರೆ. ಹೊಲವಿರುವ ಗೆಳೆಯನೊಬ್ಬನಿದ್ದರೆ, ಬೆಳೆದು ನಿಂತ ಜೋಳದ ನಡುವೆ ಚರಗ (ಭೂಮಿತಾಯಿಗೆ ಅರ್ಪಿಸುವ ನೈವೇದ್ಯ) ಚೆಲ್ಲಿ, ಸಜ್ಜೆ ರೊಟ್ಟಿಯ ಮೇಲೆ ಭಜ್ಜಿ (ಕಾಳು, ಸೊಪ್ಪು, ತರಕಾರಿಗಳ ಪಲ್ಯ) ಹಾಕಿಕೊಂಡು, ಮಧ್ಯಾಹ್ನವಿಡೀ ಮಾತನಾಡುವ ಬಿಡುವು ಸಿಗುತ್ತದೆ. ಹಳೆಯ ಸ್ನೇಹಕ್ಕೆ ಬೇಕಾದ ಸಾವಧಾನ ಅಲ್ಲಿದೆ ಎಂದು ನಾನು ದೃಢವಾಗಿ ನಂಬುತ್ತೇನೆ. ಆದರೆ ಅಂದು ಗೆಳೆಯರೆಲ್ಲ ತಮ್ಮ ತಮ್ಮ ಹಳ್ಳಿಗೆ ಚದುರಿರುವುದರಿಂದ ಒಂದೆರಡು ಮನೆಯವರನ್ನಷ್ಟೇ ಕಾಣಬಹುದು.

ಹೋಳಿಯ ನಂತರದ ಜಾತ್ರೆಯಲ್ಲಿ ಸಂಗತಿ ಬೇರೆ. ಪರವೂರಿಗೆ ಹೋದವರೂ ರಥೋತ್ಸವಕ್ಕೆ ಮರಳುವುದರಿಂದ ಒಂದೇ ಸಂಜೆ ಹಲವರು ಎದುರಾಗುತ್ತಾರೆ, ಆದರೆ ಆ ಜನಜಂಗುಳಿಯಲ್ಲಿ ಮಾತು ಕ್ಷೇಮಸಮಾಚಾರ ದಾಟುವುದಿಲ್ಲ. ಮರುದಿನ ಬೆಳಿಗ್ಗೆ ಅಪ್ಪನ ಕೆರೆಯ ದಂಡೆಯಲ್ಲಿ ಸೇರುವ ಏರ್ಪಾಡು ಮೊದಲೇ ಮಾಡಿಕೊಳ್ಳಿ.

ಹವೆಯ ವಿಷಯದಲ್ಲಿ ಚರ್ಚೆ ಬೇಡ: ಮಾರ್ಚ್‌ನ ಬಿಸಿಲು ವಯಸ್ಸಾದವರನ್ನೂ ಕೂಸುಗಳನ್ನೂ ಬಳಲಿಸುತ್ತದೆ. ಖರ್ಚಿನಲ್ಲಿ ದೊಡ್ಡ ಅಂತರವಿಲ್ಲ; ವರ್ಷಾಂತ್ಯದ ರಜೆಯಲ್ಲಿ ರೈಲು ತುಂಬುವುದರಿಂದ, 60 ದಿನ ಮೊದಲು ಬುಕಿಂಗ್ ತೆರೆದ ಕೂಡಲೇ ಟಿಕೆಟ್ ತೆಗೆಯಿರಿ.

ಮಕ್ಕಳೊಂದಿಗೆ ಒಬ್ಬ ಆಪ್ತನ ಮನೆಗೆ ಹೋಗುವವರಿಗೆ ಎಳ್ಳಮಾವಾಸ್ಯೆ ಒಪ್ಪುತ್ತದೆ. ಕಾಲೇಜಿನ ಗುಂಪೆಲ್ಲ ಒಟ್ಟಿಗೆ ಸಿಗಬೇಕೆನ್ನುವವರು ಜಾತ್ರೆಗೆ ಹೋಗಲಿ.