ಸಮೀಕ್ಷೆ ಯಾರನ್ನು ಕೇಳುವುದಿಲ್ಲ: ಸಭೆಯ ಆರೋಗ್ಯ ಅಳೆಯುವ ಸಾಧನವೊಂದರ ವಿಮರ್ಶೆ

ಕ್ರೈಸ್ತ ಸಭೆಯೊಂದು ಹೇಗಿದೆ ಎಂದು ಕೇಳಿದಾಗ ಭಾನುವಾರದ ಹಾಜರಾತಿ, ಕಾಣಿಕೆಯ ಮೊತ್ತ ಮತ್ತು ದೀಕ್ಷಾಸ್ನಾನಗಳ ಲೆಕ್ಕವನ್ನು ಮುಂದಿಡುವುದು ಬಹುಕಾಲದ ರೂಢಿ. ಈ ರೂಢಿಯಿಂದ ಹೊರಬರಲು ನೆರವಾದ ಸಾಧನಗಳಲ್ಲಿ, ಜರ್ಮನಿಯ ಕ್ರಿಸ್ಟಿಯನ್ ಶ್ವಾರ್ಟ್ಸ್ ಅವರು 1990ರ ದಶಕದಲ್ಲಿ ರೂಪಿಸಿದ ‘ನ್ಯಾಚುರಲ್ ಚರ್ಚ್ ಡೆವಲಪ್‌ಮೆಂಟ್’ ಸಮೀಕ್ಷೆಗೆ ಮುಖ್ಯ ಸ್ಥಾನವಿದೆ. ಸಭಾಪಾಲಕರೂ ಸಭೆಯ ಕೆಲಸದಲ್ಲಿ ಸಕ್ರಿಯರಾಗಿರುವ 30 ಸದಸ್ಯರೂ ಪ್ರಶ್ನಾವಳಿ ತುಂಬುತ್ತಾರೆ. ನಾಯಕತ್ವ, ಆರಾಧನೆ, ಚಿಕ್ಕ ಗುಂಪುಗಳು, ಪ್ರೀತಿಯ ಸಂಬಂಧಗಳು ಮುಂತಾದ ಎಂಟು ಗುಣಗಳಿಗೆ ಪ್ರತ್ಯೇಕ ಅಂಕ ಬರುತ್ತದೆ. ಸರಾಸರಿ ಸಭೆಯ ಅಂಕ 50 ಎಂದು ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೋಲಿಸಲಾಗುತ್ತದೆ. ಹಲಗೆ ಜೋಡಿಸಿದ ಪೀಪಾಯಿಯಲ್ಲಿ ನೀರು ನಿಲ್ಲುವುದು ಅತಿ ಗಿಡ್ಡ ಹಲಗೆಯ ಮಟ್ಟದವರೆಗೆ ಮಾತ್ರ. ಆದ್ದರಿಂದ ಕಡಿಮೆ ಅಂಕ ಬಂದ ಗುಣದಿಂದಲೇ ಕೆಲಸ ಆರಂಭಿಸಿರಿ ಎಂಬುದು ಇದರ ಸಲಹೆ.

ಈ ಸಲಹೆ ನನಗೆ ಪೂರ್ಣವಾಗಿ ಒಪ್ಪಿಗೆಯಾಗಿದೆ. ಆರಾಧನೆ ಎಷ್ಟೇ ಸೊಗಸಾಗಿದ್ದರೂ ಸದಸ್ಯರು ಒಬ್ಬರ ಕಷ್ಟ ಒಬ್ಬರಿಗೆ ತಿಳಿಯದೆ ಬದುಕುತ್ತಿದ್ದರೆ, ಆ ಕೊರತೆಯನ್ನು ಬೇರೆ ಮಾಡಿ ತೋರಿಸುವ ಸಾಧನ ಬೇಕೇ ಬೇಕು.

ಆದರೆ ಉತ್ತರ ಕೊಡುವವರು ಯಾರು ಎಂಬಲ್ಲಿ ನನ್ನ ಆಕ್ಷೇಪವಿದೆ. ಸಭೆಯ ನಡುವೆ ನೆಲೆಯೂರಿದವರನ್ನೇ ಪ್ರೀತಿಯ ಕುರಿತು ಕೇಳಿದರೆ, ಪ್ರೀತಿ ದೊರೆತವರ ಸಾಕ್ಷ್ಯವಷ್ಟೇ ಸಿಗುತ್ತದೆ. ಯೇಸುವಿನ ಪ್ರಮುಖ ಶಿಷ್ಯರಾದ ಅಪೊಸ್ತಲರ ಕಾಲದ ಆರಂಭದ ಸಭೆಯ ಕಥೆ ಹೇಳುವ ಬೈಬಲಿನ ಪುಸ್ತಕ ‘ಅಪೊಸ್ತಲರ ಕೃತ್ಯಗಳು’; ಅದರ 6ನೆಯ ಅಧ್ಯಾಯವನ್ನು ಗಮನಿಸಿರಿ: ಶಿಷ್ಯರ ಸಂಖ್ಯೆ ಹೆಚ್ಚುತ್ತಿದ್ದ ಅದೇ ದಿನಗಳಲ್ಲಿ, ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವವರ ವಿಧವೆಯರನ್ನು ಕಡೆಗಣಿಸಲಾಗುತ್ತಿತ್ತು. ಬೆಳವಣಿಗೆಯ ಯಾವ ಲೆಕ್ಕದಲ್ಲೂ ಆ ಹಸಿವು ಕಾಣುತ್ತಿರಲಿಲ್ಲ. ಗೊಣಗಾಟದಿಂದಲೇ ಅದು ಗೊತ್ತಾಯಿತು. ಅಪೊಸ್ತಲರು ಅದನ್ನು ಬಂಡಾಯವೆಂದು ತಳ್ಳಿಹಾಕಲಿಲ್ಲ. ಆಗ ಹಂಚಿಕೆ ನೋಡಿಕೊಳ್ಳಲು ಆರಿಸಲ್ಪಟ್ಟ ಸ್ತೆಫನ, ಫಿಲಿಪ್ಪ ಮೊದಲಾದ ಏಳು ಮಂದಿಯ ಹೆಸರುಗಳೆಲ್ಲವೂ ಗ್ರೀಕ್ ಹೆಸರುಗಳು; ನೊಂದವರ ಕಡೆಯವರ ಕೈಗೇ ಹಂಚಿಕೆಯ ಹೊಣೆ ಹೋಗಿರುವ ಸಾಧ್ಯತೆ ಇದರಿಂದ ಬಲವಾಗಿ ತೋರುತ್ತದೆ. ಬೈಬಲಿನ ಕೊನೆಯದಾದ ಪ್ರಕಟನೆಯ ಪುಸ್ತಕದಲ್ಲಿಯೂ ಜೀವಂತವೆಂದು ಹೆಸರಾದ ಸಾರ್ದಿಸಿನ ಸಭೆ ಸತ್ತಿದೆಯೆಂದೂ, ಬಡತನದಲ್ಲಿದ್ದ ಸ್ಮುರ್ನದ ಸಭೆ ಐಶ್ವರ್ಯವುಳ್ಳದ್ದೆಂದೂ ತೀರ್ಪಾಗಿದೆ.

ಆದ್ದರಿಂದ ನಾನು ಕೇಳಬಯಸುವ ಪ್ರಶ್ನೆಗಳೇ ಬೇರೆ. ಹಾಸಿಗೆ ಹಿಡಿದ ವೃದ್ಧೆಯೊಬ್ಬರು ಆರಾಧನೆಗೆ ಬರದಿರುವುದು ಎಷ್ಟು ವಾರಗಳಲ್ಲಿ ಗಮನಕ್ಕೆ ಬರುತ್ತದೆ? ಸಾಮಾನ್ಯ ಸದಸ್ಯರೊಬ್ಬರು ಕಾಣಿಕೆಯ ಲೆಕ್ಕ ಕೇಳಿದರೆ ಅದನ್ನು ಮುಖ ಗಂಟಿಕ್ಕದೆ ತೋರಿಸಲಾಗುತ್ತದೆಯೇ? ಸಭಾಪಾಲಕರ ಮೇಲೆಯೇ ದೂರು ಬಂದರೆ ಅದನ್ನು ವಿಚಾರಿಸುವವರು ಯಾರು?

ಈ ಸಮೀಕ್ಷೆಯನ್ನು ಬಳಸಬೇಡಿರಿ ಎಂದು ನಾನು ಹೇಳುತ್ತಿಲ್ಲ. ತಲೆ ಎಣಿಸುವುದಕ್ಕಿಂತ ಇದು ಎಷ್ಟೋ ಮೇಲು. 30 ಮಂದಿಯ ಪಟ್ಟಿ ಮಾಡುವಾಗಲೇ, ಬರುವುದನ್ನು ನಿಲ್ಲಿಸಿದವರ ಪಟ್ಟಿಯೊಂದನ್ನೂ ಹಿರಿಯರು ಸಿದ್ಧಪಡಿಸಿ, ಅವರ ಮನೆಗಳಿಗೆ ಹೋಗಿ, ವಾದಿಸದೆ ಕೇಳಿಸಿಕೊಂಡು ಬರಲಿ. ಆ ಭೇಟಿಗಳಿಗೆ ಸಭಾಪಾಲಕರು ಜೊತೆಯಾಗದಿರುವುದೇ ಒಳ್ಳೆಯದು. ದೂರ ಸರಿಯಲು ಅವರೇ ಕಾರಣರಾಗಿದ್ದರೆ ಅವರೆದುರು ಯಾರೂ ಬಾಯಿ ಬಿಡಲಾರರು.